ಕ್ವೇಕ್ ಯೋಧನ ಮೈಕಟ್ಟು: ಗೇಮ್ ಪಾತ್ರಗಳನ್ನು ಹೊರತೆಗೆದು ಓದುವ ಕ್ರಮ

1996ರ ಜೂನ್‌ನಲ್ಲಿ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಸಂಸ್ಥೆ ‘ಕ್ವೇಕ್’ ಗೇಮನ್ನು ಹೊರತಂದಿತು. ಅದೇ ಸಂಸ್ಥೆಯ 1993ರ ‘ಡೂಮ್’ನಲ್ಲಿ ಶತ್ರುಗಳೆಲ್ಲ ಚಪ್ಪಟೆ ಚಿತ್ರಗಳಾಗಿದ್ದರು, ಕ್ವೇಕ್‌ನಲ್ಲಿ ಅವರಿಗೆ ತ್ರಿಕೋನಗಳಿಂದ ಹೆಣೆದ ಮೂರು ಆಯಾಮದ ಮೈ ಬಂತು. ಆ ಮೈಗಳನ್ನು ‘ಪ್ಯಾಕ್’ ಎಂಬ ದೊಡ್ಡ ಕಡತದೊಳಗೆ ಒಟ್ಟಿಗೆ ತುಂಬಿದ್ದರು. ಅದರ ರಚನೆ ಸರಳ. ಮೊದಲ ನಾಲ್ಕು ಬೈಟ್‌ಗಳಲ್ಲಿ ಗುರುತಿನ ಅಕ್ಷರಗಳು. ಮುಂದಿನ ಎಂಟರಲ್ಲಿ ಒಳಪಟ್ಟಿ ಎಲ್ಲಿದೆ, ಎಷ್ಟು ಉದ್ದವಿದೆ ಎಂಬ ವಿವರ. ಪಟ್ಟಿಯ ಒಂದೊಂದು ನಮೂದಿಗೂ 64 ಬೈಟ್: ಹೆಸರಿಗೆ 56, ಸ್ಥಾನಕ್ಕೆ 4, ಅಳತೆಗೆ 4. ಗೂಢಲಿಪಿಯ ಬೀಗ ಯಾವುದೂ ಇಲ್ಲ. ಪ್ರೋಗ್ರಾಮಿಂಗ್ ಈಗಷ್ಟೇ ಕಲಿತ ವಿದ್ಯಾರ್ಥಿಯೂ ಇದನ್ನು ಬಿಡಿಸಬಲ್ಲ.

ಹೊರತೆಗೆಯುವುದು ಇಷ್ಟು ಸುಲಭವಾದ್ದರಿಂದಲೇ ಏನೋ, ತೆಗೆದದ್ದನ್ನು ಓದುವ ಕೆಲಸ ಹಿಂದೆ ಬಿದ್ದಿದೆ. ಪಾತ್ರದ ಮಾಡೆಲನ್ನು ಹೊರಗೆಳೆದು, ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶಕ್ಕೆ ತಂದು, ಇಂದಿನ ಸ್ವರೂಪಕ್ಕೆ ಬದಲಿಸಿದರೆ ಸಂರಕ್ಷಣೆ ಮುಗಿಯಿತು ಎಂಬ ಭಾವನೆ ವ್ಯಾಪಕವಾಗಿದೆ. ಕ್ವೇಕ್‌ನ ಆಟಗಾರ ಯೋಧನ ಕಡತವೊಂದನ್ನೇ ನಿಧಾನವಾಗಿ ನೋಡಿದರೂ ಈ ಭಾವನೆ ನಿಲ್ಲುವುದಿಲ್ಲ.

ಯೋಧನ ಮೈಯ ಪ್ರತಿ ಶೃಂಗಕ್ಕೂ, ಅಂದರೆ ತ್ರಿಕೋನಗಳ ಮೂಲೆಗಳು ಕೂಡುವ ಬಿಂದುವಿಗೂ, ಒಂದು ಭಂಗಿಯಲ್ಲಿ ನಾಲ್ಕೇ ಬೈಟ್ ಸಿಗುತ್ತದೆ. ಮೂರು ಬೈಟ್ ಉದ್ದ, ಅಗಲ, ಎತ್ತರಗಳಿಗೆ; ನಾಲ್ಕನೆಯದು, ಬೆಳಕಿನ ಲೆಕ್ಕಕ್ಕಾಗಿ, ಮೈ ಅಲ್ಲಿ ಮುಖ ಮಾಡಿರುವ ದಿಕ್ಕಿಗೆ. ಒಂದು ಬೈಟ್‌ನಲ್ಲಿ ಹಿಡಿಯುವುದು 256 ಮೆಟ್ಟಿಲು ಮಾತ್ರ. ಇಡೀ ದೇಹ ಆ ಮೆಟ್ಟಿಲುಗಳ ಮೇಲೆಯೇ ನಿಲ್ಲಬೇಕು, ಓಡಬೇಕು, ಸಾಯಬೇಕು. ಇಲ್ಲೊಂದು ಸೂಕ್ಷ್ಮವಿದೆ: ಎಲ್ಲ ಭಂಗಿಗಳಿಗೂ ಅಳತೆಗೋಲು ಒಂದೇ. ಯೋಧ ಗುಂಡೇಟಿಗೆ ನೆಲದ ಮೇಲೆ ಉದ್ದಕ್ಕೆ ಬಿದ್ದಾಗ ಆ ಅಳತೆಗೋಲು ಅಷ್ಟಕ್ಕೂ ಚಾಚಿಕೊಳ್ಳಬೇಕಾಗುತ್ತದೆ. ಆಗ ಒಂದೊಂದು ಮೆಟ್ಟಿಲೂ ಅಗಲವಾಗುತ್ತದೆ. ಅದರ ಪರಿಣಾಮ ಅವನು ಸುಮ್ಮನೆ ನಿಂತಿರುವಾಗಲೂ ತೋರುತ್ತದೆ. ಕ್ವೇಕ್ ಪಾತ್ರಗಳ ಚರ್ಮ ಸದಾ ಸಣ್ಣಗೆ ಅದುರುತ್ತಿರುವಂತೆ ಕಾಣುವುದು ಇದರಿಂದಲೇ. 1997ರ ‘ಕ್ವೇಕ್ 2’ರಲ್ಲಿ ಭಂಗಿಗೊಂದರಂತೆ ಬೇರೆ ಬೇರೆ ಅಳತೆಗೋಲು ಕೊಟ್ಟರು. ಕಡತದ ಸ್ವರೂಪದಲ್ಲಾದ ಈ ತಿದ್ದುಪಡಿಯೇ ತಯಾರಕರು ಎಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ.

ಬೆಳಕಿನ ಬೈಟ್ ಇನ್ನೂ ಕುತೂಹಲದ್ದು. ಅದರಲ್ಲಿರುವುದು ದಿಕ್ಕಲ್ಲ, ದಿಕ್ಕಿನ ಕ್ರಮಸಂಖ್ಯೆ. ಮೊದಲೇ ಲೆಕ್ಕ ಹಾಕಿಟ್ಟ 162 ದಿಕ್ಕುಗಳ ಪಟ್ಟಿ ಇರುವುದು ಗೇಮಿನ ಎಂಜಿನ್‌ನಲ್ಲಿ, ಮಾಡೆಲ್ ಕಡತದಲ್ಲಲ್ಲ. ಆದ್ದರಿಂದ ಕಡತವನ್ನಷ್ಟೇ ಹೊರತೆಗೆದವರಿಗೆ ಪಾತ್ರದ ಮೇಲಿನ ನೆರಳು-ಬೆಳಕು ಸಿಗುವುದಿಲ್ಲ. 1999ರ ಡಿಸೆಂಬರಿನಲ್ಲಿ ಇಡ್ ಸಂಸ್ಥೆ ಕ್ವೇಕ್‌ನ ಸೋರ್ಸ್ ಕೋಡನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಆ ಪಟ್ಟಿ ಎಲ್ಲರ ಕೈಗೂ ಸಿಕ್ಕಿತು.

ಭಂಗಿಗಳ ಹೆಸರನ್ನೂ ಓದಬೇಕು. ಯೋಧನಿಗೆ ಒಟ್ಟು 143 ಭಂಗಿಗಳಿವೆ. ನಿಲ್ಲುವುದಕ್ಕೆ ಎರಡು ಗುಂಪು, ಓಡುವುದಕ್ಕೆ ಎರಡು ಗುಂಪು, ನೋವಿಗೆ ಎರಡು. ಒಂದರಲ್ಲಿ ಕೊಡಲಿ, ಇನ್ನೊಂದರಲ್ಲಿ ಬಂದೂಕು. ಅಷ್ಟೇ. ಆಟದಲ್ಲಿ ಮೊಳೆಬಂದೂಕು, ರಾಕೆಟ್, ಗ್ರೆನೇಡ್, ಮಿಂಚಿನ ಅಸ್ತ್ರ ಎಲ್ಲ ಇದ್ದರೂ ಎದುರಾಳಿಗೆ ಕಾಣುವುದು ಮೈಗೇ ಅಂಟಿಸಿದ ಅದೊಂದೇ ಬಂದೂಕು. ಅವನ ಕೈಯಲ್ಲಿರುವುದು ರಾಕೆಟ್ಟೋ ಬೇರೊಂದೋ ಎಂದು ನೋಟದಿಂದ ತಿಳಿಯಲು ದಾರಿಯಿಲ್ಲ. ಸದ್ದು ಕೇಳಿ, ಅವನು ಯಾವ ಕೋಣೆಯಿಂದ ಬಂದನೆಂದು ನೆನೆದು ಊಹಿಸಬೇಕು. ಕ್ವೇಕ್‌ನ ಸ್ಪರ್ಧಾತ್ಮಕ ಆಟದಲ್ಲಿ ಊಹೆಗೆ ಅಷ್ಟು ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು.

ಇನ್ನು ಬಣ್ಣ. ಯೋಧನ ಹೊದಿಕೆ 296 ಅಡ್ಡ, 194 ಉದ್ದದ ಚುಕ್ಕಿಗಳ ಒಂದು ಚಿತ್ರ. ಮೈಯ ಮುಂಭಾಗ, ಹಿಂಭಾಗ ಅಕ್ಕಪಕ್ಕ ಹರಡಿಕೊಂಡಿವೆ. ಪ್ರತಿ ಚುಕ್ಕಿಯೂ 256 ಬಣ್ಣಗಳ ಪ್ಯಾಲೆಟ್‌ನಲ್ಲಿ ಒಂದು ಸಂಖ್ಯೆ. 768 ಬೈಟ್‌ನ ಆ ಪ್ಯಾಲೆಟ್ ಬೇರೆಯದೇ ಕಡತ. 16ರಿಂದ 31ರವರೆಗಿನ ಸಂಖ್ಯೆಗಳು ಅಂಗಿಗೆ, 96ರಿಂದ 111ರವರೆಗಿನವು ಷರಾಯಿಗೆ ಮೀಸಲು. ಆಟಗಾರ ಆರಿಸಿದ ಬಣ್ಣವನ್ನು ಎಂಜಿನ್ ಆ ಜಾಗಕ್ಕೆ ತುಂಬುತ್ತದೆ. ಕೊನೆಯ 32 ಬಣ್ಣಗಳಿಗೆ ಕತ್ತಲೆಯ ಹಂಗಿಲ್ಲ, ದೀಪವಿಲ್ಲದ ಕೋಣೆಯಲ್ಲೂ ಅವು ಹೊಳೆಯುತ್ತವೆ. ಈ ಚಿತ್ರವನ್ನು ಸಾಮಾನ್ಯ ಚಿತ್ರಕಡತವಾಗಿ ಬದಲಿಸಿದ ಕ್ಷಣ ಸಂಖ್ಯೆಗಳು ಅಳಿದು ಬರಿಯ ಬಣ್ಣ ಉಳಿಯುತ್ತದೆ. ಅಂಗಿ ಯಾವುದು, ಮೈಯ ಬಣ್ಣ ಯಾವುದು, ಹೊಳೆಯುವ ಚುಕ್ಕಿ ಯಾವುದು ಎಂಬ ಭೇದ ಅಲ್ಲಿಗೆ ಮುಗಿಯಿತು. ನೋಡುವವರಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಪಾಯವಿರುವುದು ಅಲ್ಲೇ.

ಕನ್ನಡದ ವಿದ್ವಾಂಸರಿಗೆ ಈ ಸಮಸ್ಯೆ ಹೊಸದೇನಲ್ಲ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರು ಓಲೆಗರಿಯ ಪಾಠವನ್ನು ಸದ್ದಿಲ್ಲದೆ ತಿದ್ದುವುದಿಲ್ಲ, ಪಾಠಾಂತರ ಗುರುತಿಸುತ್ತಾರೆ, ಲಿಪಿಕಾರನ ರೂಢಿಯನ್ನು ದಾಖಲಿಸುತ್ತಾರೆ. ಗೇಮ್ ಮಾಡೆಲಿನ ಪರಿವರ್ತನೆಯೂ ಒಂದು ಸಂಪಾದನೆಯೇ. ಯಾವ ಉಪಕರಣ ಬಳಸಿದರು, ಅದು ಏನನ್ನು ಕೈಬಿಟ್ಟಿತು, ಏನನ್ನು ಊಹಿಸಿ ತುಂಬಿತು ಎಂಬ ಟಿಪ್ಪಣಿ ಜೊತೆಗಿಲ್ಲದಿದ್ದರೆ ಆ ಮಾಡೆಲ್ ಶಾಸ್ತ್ರೀಯ ಚರ್ಚೆಗೆ ಆಧಾರವಾಗಲಾರದು.

1999ರ ‘ಕ್ವೇಕ್ 3 ಅರೆನಾ’ದಲ್ಲಿ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಒಂದೇ ಪಾತ್ರ ಕಾಲು, ಮುಂಡ, ತಲೆ ಎಂದು ಮೂರು ಕಡತಗಳಲ್ಲಿ ಹಂಚಿಹೋಗಿದೆ. ಒಂದು ದಿಕ್ಕಿಗೆ ಓಡುತ್ತ ಇನ್ನೊಂದು ದಿಕ್ಕಿಗೆ ಗುರಿಯಿಡಲು ಸೊಂಟ ತಿರುಗಬೇಕಲ್ಲ, ಅದಕ್ಕೆ. ತುಂಡುಗಳನ್ನು ಜೋಡಿಸುವುದು ‘ಟ್ಯಾಗ್’ ಎಂಬ ಅದೃಶ್ಯ ಕೀಲುಗಳು. ಯಾವ ಚಲನೆ ಎಷ್ಟನೆಯ ಫ್ರೇಮಿನಿಂದ, ಅಂದರೆ ಭಂಗಿಯಿಂದ, ಶುರು, ಎಷ್ಟು ಫ್ರೇಮ್, ಎಷ್ಟು ವೇಗ ಎಂಬುದು ಬೇರೊಂದು ಸಾದಾ ಪಠ್ಯ ಕಡತದಲ್ಲಿದೆ. ಅದರಲ್ಲಿ ಕಾಲಿನ ಫ್ರೇಮ್ ಸಂಖ್ಯೆಗಳು ಮುಂಡದ ಸಂಖ್ಯೆಗಳ ನಂತರ ಮುಂದುವರಿಯುತ್ತವೆ. ಅಷ್ಟನ್ನು ಕಳೆಯಬೇಕೆಂಬ ನಿಯಮ ಗೊತ್ತಿಲ್ಲದಿದ್ದರೆ ಕಾಲಿನ ಚಲನೆಗಳೆಲ್ಲ ತಪ್ಪುತ್ತವೆ.

ಕಡತದ ಸ್ವರೂಪವೇ ತಿಳಿಯದ ಗೇಮ್‌ಗಳಿಗೆ ಇನ್ನೊಂದು ದಾರಿಯಿದೆ: ಆಟ ನಡೆಯುತ್ತಿರುವಾಗಲೇ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ದತ್ತಾಂಶವನ್ನು ನಡುವೆ ಹಿಡಿಯುವುದು. ನಿಂಜಾ ರಿಪ್ಪರ್ ಎಂಬ ಉಪಕರಣ ಮಾಡುವುದು ಇದನ್ನೇ. ಗೇಮ್ ತಯಾರಕರು ದೋಷ ಹುಡುಕಲು ಬಳಸುವ ರೆಂಡರ್‌ಡಾಕ್‌ನಲ್ಲೂ ಇದು ಸಾಧ್ಯ. ಸಿಗುವುದು ಆ ಕ್ಷಣದ ಭಂಗಿ ಮಾತ್ರ. ಎಲುಬಿನ ಚೌಕಟ್ಟಾಗಲಿ, ಉಳಿದ ಚಲನೆಗಳಾಗಲಿ, ತಯಾರಕರು ಇಟ್ಟ ಹೆಸರುಗಳಾಗಲಿ ಸಾಮಾನ್ಯವಾಗಿ ಬರುವುದಿಲ್ಲ. ಬೇರೆ ದಾರಿಯಿಲ್ಲದಾಗ ಇದು ಸರಿ. ಕಡತ ಓದಲು ಸಾಧ್ಯವಿರುವಾಗ ಇದನ್ನು ಆರಿಸುವುದು ಸಂಶೋಧನೆಯ ದೃಷ್ಟಿಯಿಂದ ಸೋಮಾರಿತನ.

ಹಕ್ಕಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಕ್ವೇಕ್‌ನ ಕೋಡ್ ಮುಕ್ತವಾಯಿತೇ ಹೊರತು ಪಾತ್ರಗಳ ಕಲೆ ಮುಕ್ತವಾಗಲಿಲ್ಲ; ಅದರ ಕೃತಿಸ್ವಾಮ್ಯ ಇಂದಿಗೂ ಸಂಸ್ಥೆಯದೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಸಂಶೋಧನೆಗಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆ, ಹೊರತೆಗೆದ ಮಾಡೆಲನ್ನು ಹಂಚಲು ಅಥವಾ ಮಾರಲು ಪರವಾನಗಿ ಕೊಡುವುದಿಲ್ಲ. ಕಾನೂನಿಗೆ ಬದ್ಧವಾಗಿ ಕಲಿಸಬೇಕೆನ್ನುವ ಅಧ್ಯಾಪಕರಿಗೆ ಕ್ವೇಕ್ 3ರ ಎಂಜಿನ್ ಮೇಲೆ ಮುಕ್ತ ಪರವಾನಗಿಯ ಹೊಸ ಪಾತ್ರಗಳನ್ನು ಕಟ್ಟಿದ ‘ಓಪನ್‌ಅರೆನಾ’ ಇದೆ.

ಈ ಕೆಲಸಕ್ಕೆ ಕಾಲ ಹೆಚ್ಚು ಇಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ತಿಳಿಸಿತು. ಮರುಬಿಡುಗಡೆ ಪಡೆದ ಅದೃಷ್ಟವಂತ ಗೇಮ್‌ಗಳಲ್ಲೂ ಪಾತ್ರಗಳು ಬದಲಾಗುತ್ತವೆ: 2021ರ ಕ್ವೇಕ್ ಮರುಬಿಡುಗಡೆಗೆ ಮಾಡೆಲ್‌ಗಳನ್ನು ನಯಗೊಳಿಸಿ ಹೊಸದಾಗಿ ರೂಪಿಸಿದರು.

ಗೇಮ್ ಪಾತ್ರಗಳ ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಆರಂಭಿಸಿದ ಧ್ರುವ ಇಂಟರ್ಯಾಕ್ಟಿವ್ ವಿದೇಶಿ ಗೇಮ್‌ಗಳಿಗೆ ಮೂರು ಆಯಾಮದ ಕಲೆಯನ್ನು ವರ್ಷಗಟ್ಟಲೆ ಮಾಡಿಕೊಟ್ಟಿತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಪಾಲಾಯಿತು. ಈ ನಗರದ ಕಲಾವಿದರ ಕೈಕೆಲಸ ಜಗತ್ತಿನ ಎಷ್ಟೋ ಗೇಮ್‌ಗಳ ಕಡತಗಳಲ್ಲಿ ಹೆಸರಿಲ್ಲದೆ ಕುಳಿತಿದೆ. ಅದನ್ನು ಮುಂದೆ ಯಾರಾದರೂ ಗುರುತಿಸಬೇಕಾದರೆ ಈಗಿನ ಸಂಶೋಧಕರು ಮೂಲ ಕಡತ, ಪ್ಯಾಲೆಟ್, ಚಲನೆಯ ಪಟ್ಟಿ, ಎಂಜಿನ್‌ನ ಆವೃತ್ತಿ ಇವೆಲ್ಲವನ್ನೂ ಪರಿವರ್ತಿತ ಮಾಡೆಲಿನ ಜೊತೆಗೇ ಕಾಪಿಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ಹಾಗೂ ಅನಿಮೇಷನ್ ವಿಭಾಗಗಳು ಈ ಕೆಲಸವನ್ನು ಜಂಟಿಯಾಗಿ ಕೈಗೆತ್ತಿಕೊಳ್ಳಲಿ.