ಗುಜರಿಯಿಂದ ಬೆಟ್ಟಕ್ಕೆ

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ಬೆಳಿಗ್ಗೆಯೇ ನನ್ನ ತಂಗಿ ಫೋನು ಮಾಡಿದಳು. ಮಗಳಿಗೆ ಶೇಕಡಾ 91 ಬಂದಿದೆ ಎಂದು ಹೇಳುವ ದನಿಯಲ್ಲಿ ಸಂತೋಷಕ್ಕಿಂತ ಆತಂಕವೇ ಹೆಚ್ಚಿತ್ತು. "ಅಕ್ಕಾ, ಪುಟ್ಟಿ ಸೈನ್ಸೇ ತಗೊಳ್ತೀನಿ ಅಂತ ಕೂತಿದಾಳೆ. ನೀನೇ ಬಂದು ಬುದ್ಧಿ ಹೇಳು" ಎಂದಳು.

ಬುದ್ಧಿ ಹೇಳುವಂಥದ್ದೇನಿದೆ ಎಂದು ನಿಮಗನ್ನಿಸಬಹುದು. ಮಲೆನಾಡಿನ ಒಳಹಳ್ಳಿಗಳನ್ನು ಬಲ್ಲವರಿಗೆ ಅದು ಗೊತ್ತಾಗುತ್ತದೆ. ತಂಗಿಯ ಮನೆಯಿಂದ ವಿಜ್ಞಾನ ವಿಭಾಗವಿರುವ ಕಾಲೇಜು 8 ಕಿಲೋಮೀಟರು. ದಾರಿಯಲ್ಲಿ ಎರಡು ಏರು, ಅರ್ಧ ದಾರಿಗೆ ಟಾರಿಲ್ಲ. ಬೆಳಿಗ್ಗೆ ಏಳಕ್ಕೊಂದು ಬಸ್ಸು, ಅದು ಬಿಟ್ಟರೆ ಹತ್ತೂವರೆಗೆ. ಕಾಲೇಜು ಶುರುವಾಗುವುದು ಒಂಬತ್ತಕ್ಕೆ. ಭಾವನವರು ತೀರಿಹೋಗಿ ನಾಲ್ಕು ವರ್ಷವಾಗಿದೆ. ಅರ್ಧ ಎಕರೆ ಅಡಿಕೆ ತೋಟ, ಹೊಲಿಗೆ ಮೆಷಿನ್ನು, ಇವೆರಡರ ಮೇಲೆ ಸಂಸಾರ. ಹಾಸ್ಟೆಲಿನ ಮಾತು ಎತ್ತುವಂತಿಲ್ಲ.

ನಾನು ಹೋದಾಗ ಪುಟ್ಟಿ ಅಡುಗೆಮನೆಯ ಬಾಗಿಲಲ್ಲೇ ನನ್ನನ್ನು ತಡೆದು ಹೇಳಿದಳು: "ದೊಡ್ಡಮ್ಮಾ, ನಂಗೊಂದು ಗೇರ್ ಸೈಕಲ್ ಸಿಕ್ಕಿದ್ರೆ ಸಾಕು. ಬೆಟ್ಟ ಹತ್ತೋದು, ಎಂಟೀಬಿ ಅಂತಾರಲ್ಲ, ಅದು. ಅಮ್ಮಂಗೆ ನೀವೇ ಹೇಳಿ."

ತಂಗಿ ಒಳಗಿನಿಂದಲೇ ಕೂಗಿದಳು: "ಹೆಣ್ಣುಹುಡುಗಿ ಆ ದಾರೀಲಿ ಒಬ್ಬಳೇ ಸೈಕಲ್ ತುಳ್ಕೊಂಡು ಹೋಗೋದೇ?"

ಆ ಮಾತು ಕೇಳಿ ನಾನು ನಿಂತಲ್ಲೇ ನಿಂತುಬಿಟ್ಟೆ. ಇದೇ ಮಾತನ್ನು 1986ರಲ್ಲಿ ಅಪ್ಪಯ್ಯ ನನಗೆ ಹೇಳಿದ್ದರು. ಆಗ ಮನೆಯಲ್ಲಿ ಅಣ್ಣನದೊಂದು ಕಪ್ಪು ಅಟ್ಲಾಸ್ ಸೈಕಲ್ಲಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬಾರಿನ ಒಳಗಿನಿಂದ ಕಾಲು ತೂರಿಸಿ, ಒಳಪೆಡಲು ಹೊಡೆದು, ಮಂಡಿ ಕೆತ್ತಿಸಿಕೊಂಡು ನಾನದನ್ನು ಕಲಿತಿದ್ದೆ. ಲೆಕ್ಕದಲ್ಲಿ ನನಗೆ ನೂರಕ್ಕೆ 94 ಬಂದಿತ್ತು. ಆದರೆ ವಿಜ್ಞಾನದ ಕಾಲೇಜು 9 ಕಿಲೋಮೀಟರು ದೂರ. ಅತ್ತೆಯ ಮನೆಯಿದ್ದ ಊರಿನಲ್ಲಿ, ಅವರ ಮನೆಯ ಎದುರಿಗೇ ಕಲಾ ವಿಭಾಗದ ಕಾಲೇಜು. ಹಾಗೆ ನಾನು ಬಿ.ಎ. ಓದಿದೆ, ಬಿ.ಇಡಿ. ಮಾಡಿದೆ, ಇತಿಹಾಸದ ಟೀಚರಾದೆ. ಬದುಕು ಕೆಟ್ಟಿತೆಂದು ಹೇಳಿದರೆ ಸುಳ್ಳಾದೀತು. ಆದರೆ ನನ್ನ ವಿಷಯವನ್ನು ಆರಿಸಿದ್ದು ನಾನಲ್ಲ, ಒಂದು ಸೈಕಲ್ಲು ಎಂಬುದನ್ನು ಮೂವತ್ತು ವರ್ಷ ಪಾಠ ಮಾಡುವಾಗಲೂ ಮರೆಯಲಾಗಲಿಲ್ಲ.

ಆ ದಿನ ತಂಗಿಯನ್ನು ಒಪ್ಪಿಸಲು ಸಂಜೆಯಾಯಿತು. ದುಡ್ಡಿನ ಲೆಕ್ಕ ಹಾಕಿದೆವು. ಸ್ವಸಹಾಯ ಸಂಘದ ಸಾಲ 7 ಸಾವಿರ, ಪುಟ್ಟಿ ಕೂಡಿಟ್ಟದ್ದು 5 ಸಾವಿರ, ಒಟ್ಟು 12 ಸಾವಿರ. ನಾನು ಪರ್ಸಿಗೆ ಕೈಹಾಕಿದಾಗ ತಂಗಿ ತಡೆದಳು. "ನಿನ್ನ ದುಡ್ಡು ಬೇಡ ಅಕ್ಕಾ. ಯಾವುದು ತಗೋಬೇಕು ಅಂತ ಹೇಳು, ಅಷ್ಟು ಸಾಕು" ಎಂದಳು. ಅವಳ ಸ್ವಾಭಿಮಾನ ನನಗೆ ಗೊತ್ತು. ಸರಿ ಎಂದೆ. ಆದರೆ ನನಗೇನು ಗೊತ್ತಿತ್ತು? ಇತಿಹಾಸದ ಟೀಚರು ಮಾಡಬಹುದಾದದ್ದನ್ನೇ ಮಾಡಿದೆ. ಈ ಬೆಟ್ಟದ ಸೈಕಲ್ಲು ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂದು ಓದಲು ಕುಳಿತೆ.

ಓದುತ್ತಾ ಹೋದಂತೆ ಆಶ್ಚರ್ಯ. ಇಂದು ಅಂಗಡಿಗಳಲ್ಲಿ ಲಕ್ಷ ರೂಪಾಯಿ ದಾಟುವ ಈ ಸೈಕಲ್ಲು ಹುಟ್ಟಿದ್ದೇ ಗುಜರಿಯಿಂದ!

ನಾವೆಲ್ಲ ಕಂಡ ಎರಡು ಸಮ ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನಿರುವ ಸೈಕಲ್ಲಿಗೆ ರೂಪ ಕೊಟ್ಟವನು ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, 1885ರಲ್ಲಿ. ಮೂರು ವರ್ಷದ ಮೇಲೆ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟ. ಈ ಎರಡೂ ಸೇರಿದ ಮೇಲೆ ಸೈಕಲ್ಲು ಹೆಂಗಸರಿಗೂ ದಕ್ಕಿತು. ಅಮೆರಿಕದಲ್ಲಿ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿ 1896ರಲ್ಲಿ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಡುತ್ತಾ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಬೇರೊಂದಿಲ್ಲ ಎಂಬರ್ಥದ ಮಾತಾಡಿದ್ದರು. ಮರುವರ್ಷ ಅದೇ ದೇಶದ 25ನೆಯ ಪದಾತಿ ದಳದ ಕಪ್ಪು ಸೈನಿಕರು ಮೊಂಟಾನಾದ ಮಿಸೂಲಾದಿಂದ ಸೇಂಟ್ ಲೂಯಿಸಿನವರೆಗೆ ಸುಮಾರು 1900 ಮೈಲಿಯನ್ನು ಸೈಕಲ್ಲಿನ ಮೇಲೆ ಕ್ರಮಿಸಿದರು. ಬೆಟ್ಟ, ಕೆಸರು, ಮರಳು ಯಾವುದನ್ನೂ ಬಿಡಲಿಲ್ಲ. ಅವರ ಸೈಕಲ್ಲಿಗೆ ಗೇರೂ ಇರಲಿಲ್ಲ.

ನಿಜವಾದ ಬೆಟ್ಟದ ಸೈಕಲ್ಲಿನ ಕಥೆ ಶುರುವಾಗುವುದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಎಂಬ ಜಿಲ್ಲೆಯಲ್ಲಿ. ಅಲ್ಲಿ ಟಮಾಲ್ಪೈಸ್ ಎಂಬ ಬೆಟ್ಟವಿದೆ. ಅದರ ಸುತ್ತಮುತ್ತ ಕೈಯಲ್ಲಿ ಹೆಚ್ಚು ಕಾಸಿಲ್ಲದ ಹುಡುಗರ ಗುಂಪೊಂದಿತ್ತು. ರಸ್ತೆಯ ಮೇಲೆ ಓಡುವ ಸಪೂರ ಟೈರಿನ ರೇಸ್ ಸೈಕಲ್ಲು ಕಾಡುದಾರಿಗೆ ಬಾಳದು. ಅದಕ್ಕೆ ಅವರು 1930-40ರ ದಶಕಗಳ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದಲೋ ಯಾರದೋ ಹಿತ್ತಲಿನಿಂದಲೋ ಕೆಲವೇ ಡಾಲರಿಗೆ ಎತ್ತಿ ತಂದರು. ಪತ್ರಿಕೆ ಹಾಕುವ ಹುಡುಗರು ಓಡಿಸುತ್ತಿದ್ದಂಥ, 26 ಅಂಗುಲದ ದಪ್ಪ ಟೈರಿನ ಭಾರದ ಸೈಕಲ್ಲುಗಳು ಅವು. ಮಡ್‌ಗಾರ್ಡ್ ಕಿತ್ತೆಸೆದು ಬೆಟ್ಟದ ತುದಿಗೆ ನೂಕಿಕೊಂಡು ಹೋಗಿ ಇಳಿಜಾರಿನಲ್ಲಿ ಬಿಡುವುದು.

1976ರ ಅಕ್ಟೋಬರಿನಲ್ಲಿ ಅವರು ಒಂದು ಪಂದ್ಯವನ್ನೇ ಶುರುಮಾಡಿದರು. ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುವ ದಾರಿ. ಅದರ ಹೆಸರು ರೀಪ್ಯಾಕ್. ಆ ಹೆಸರೇಕೆ ಗೊತ್ತೇ? ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಹಿಂದಿನ ಚಕ್ರದ ನಡುವೆ ಇರುತ್ತಿತ್ತು. ಒಮ್ಮೆ ಬೆಟ್ಟ ಇಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕು. ಹಾಗೆ ಮತ್ತೆ ತುಂಬುವ ಕೆಲಸದ ಹೆಸರೇ ಪಂದ್ಯಕ್ಕೂ ಬಂತು.

ಅವರು ಮೊದಲು ಸುಧಾರಿಸಿದ್ದು ಯಾವುದನ್ನು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಕಾಸಿಲ್ಲದವರು ಮೊದಲ ಕಾಸನ್ನು ಎಲ್ಲಿ ಹಾಕುತ್ತಾರೋ ಅದೇ ಮುಖ್ಯವಾದದ್ದು. ಯಾವ ಸಂಸಾರಸ್ಥೆಯೂ ಒಪ್ಪುವ ಮಾತಿದು. ಉತ್ತರ ಸ್ಪಷ್ಟವಾಗಿತ್ತು. ಒಂದು ಬ್ರೇಕು, ಇನ್ನೊಂದು ಗೇರು. ಗ್ಯಾರಿ ಫಿಶರ್ ಎಂಬಾತ ಬೇರೆ ಸೈಕಲ್ಲಿನ ಗೇರನ್ನು ತಂದು ತನ್ನ ಹಳೇ ಶ್ವಿನ್ನಿಗೆ ಜೋಡಿಸಿದ. ಇಬ್ಬರು ತುಳಿಯುವ ಸೈಕಲ್ಲಿನ ಡ್ರಮ್ ಬ್ರೇಕು, ಮೋಟಾರುಬೈಕಿನ ಬ್ರೇಕ್ ಹಿಡಿಕೆ, ಹೀಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿದರು. ಆಮೇಲೆ 1977ರಲ್ಲಿ ಜೋ ಬ್ರೀಜ್ ಎಂಬಾತ ಬೆಟ್ಟಕ್ಕೆಂದೇ ಹೊಸದಾಗಿ ಗಟ್ಟಿಯಾದ, ಹಗುರಾದ ಫ್ರೇಮು ಕಟ್ಟಿದ. ಆ ಸೈಕಲ್ಲು ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೇರಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳಿಂದ ಮೌಂಟನ್‌ಬೈಕ್ಸ್ ಎಂಬ ಹೆಸರಿನಲ್ಲಿ ಮಾರಲು ಕುಳಿತರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ 750 ಡಾಲರಿಗೆ ಪೇಟೆಗೆ ಬಂತು. 1996ರಲ್ಲಿ ಈ ಆಟ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ಗುಜರಿ ಸೈಕಲ್ಲು ಒಲಿಂಪಿಕ್ಸ್ ತಲುಪಲು ಇಪ್ಪತ್ತೇ ವರ್ಷ.

ಗಮನಿಸಿ, ಈ ಕಥೆಯಲ್ಲಿ ಸಸ್ಪೆನ್ಷನ್ನಿನ ಮಾತೇ ಬಂದಿಲ್ಲ. ಮುಂದಿನ ಚಕ್ರಕ್ಕೆ ಕುಲುಕು ತಾಳುವ ಫೋರ್ಕನ್ನು ರಾಕ್‌ಶಾಕ್ಸ್ ಕಂಪನಿ ಮಾರತೊಡಗಿದ್ದು 1989ರ ಸುಮಾರಿಗೆ. ಅದಕ್ಕೆ ಮುಂಚೆ ಹತ್ತು ಹನ್ನೆರಡು ವರ್ಷ ಜನ ಬರೀ ದಪ್ಪ ಟೈರಿನ ಬಲದ ಮೇಲೆಯೇ ಆ ಬೆಟ್ಟಗಳನ್ನು ಹತ್ತಿ ಇಳಿದರು.

ಹೆಂಗಸರೇನು ಮಾಡುತ್ತಿದ್ದರು ಎಂದು ಕೇಳಬಹುದು. ಆ ಗುಂಪಿನಲ್ಲಿ ವೆಂಡಿ ಕ್ರ್ಯಾಗ್ ಎಂಬಾಕೆ ಗಂಡಸರ ಜೊತೆಗೇ ಆ ಭಾರದ ಸೈಕಲ್ಲನ್ನು ತುಳಿದಳು. ಅಷ್ಟೇ ಅಲ್ಲ, ಕ್ಯಾಮೆರಾ ಹೊತ್ತು ಎಲ್ಲವನ್ನೂ ಫೋಟೋ ತೆಗೆದಳು. ಆ ಕಾಲದ ಚಿತ್ರಗಳು ಇಂದು ನಮಗೆ ಸಿಗುವುದು ಬಹುಮಟ್ಟಿಗೆ ಅವಳಿಂದ. ಜಾಕಿ ಫೆಲಾನ್ ಎಂಬಾಕೆ 1983ರಿಂದ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆದಳು. ಆಮೇಲೆ ಬೇರೆ ಹೆಂಗಸರಿಗೆ ಕಲಿಸಲೆಂದು ಒಂದು ಸಂಘ ಕಟ್ಟಿದಳು. ಅದರ ಹೆಸರು ಮಹಿಳೆಯರ ಬೆಟ್ಟದ ಸೈಕಲ್ಲು ಮತ್ತು ಚಹಾ ಸಂಘ! ಬೆಟ್ಟ ಹತ್ತಿದ ಮೇಲೆ ಕುಳಿತು ಚಹಾ ಕುಡಿಯದಿದ್ದರೆ ಹೇಗೆ, ನೀವೇ ಹೇಳಿ.

ದೂರದ ದೇಶದ ಮಾತಾಯಿತು. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರಿಂದ ನಡೆದದ್ದು ಇದಕ್ಕಿಂತ ದೊಡ್ಡದು. ಶೀಲಾರಾಣಿ ಚುಂಕತ್ ಅವರು ಅಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಲಾಯಿತು. ಕಲ್ಲುಕ್ವಾರಿಯ ಕೂಲಿಯವರು, ದಾದಿಯರು, ಅಂಗನವಾಡಿಯವರು ಎಲ್ಲರೂ ಕಲಿತರು. ಲೇಡೀಸ್ ಸೈಕಲ್ಲು ಸಾಲದೆ ಬಂದಾಗ ಅವರು ಗಂಡಸರ ಸೈಕಲ್ಲನ್ನೇ ಹತ್ತಿದರು. ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು ಅದನ್ನೇ ಮೆಚ್ಚಿದವರೂ ಇದ್ದರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಡುವ ಯೋಜನೆ ಬಂದಾಗ ನಮ್ಮ ಶಾಲೆಯ ಹುಡುಗಿಯರಿಂದ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡವಳು ನಾನೇ. ಸಹಿ ಹಾಕುವಾಗ ಆ ಮಕ್ಕಳ ಕಣ್ಣು ರಿಜಿಸ್ಟರಿನ ಮೇಲಿರುತ್ತಿರಲಿಲ್ಲ, ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳ ಮೇಲಿರುತ್ತಿತ್ತು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ನಾವು ಮೂವರೂ ಪೇಟೆಯ ಸೈಕಲ್ ಅಂಗಡಿಗೆ ಹೋದೆವು. ಪುಟ್ಟಿಯ ಕಣ್ಣು ಒಂದು ಕೆಂಪು ಸೈಕಲ್ಲಿನ ಮೇಲೆ ನೆಟ್ಟಿತು. ಮುಂದೂ ಸಸ್ಪೆನ್ಷನ್, ಸೀಟಿನ ಕೆಳಗೂ ಸ್ಪ್ರಿಂಗು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, 21 ಗೇರು, ಬೆಲೆ 11,500. "ಇದೇ ಬೆಲೆಗೆ ಇಷ್ಟೆಲ್ಲ ಬೇರೆಲ್ಲೂ ಸಿಗಲ್ಲ ಮೇಡಂ" ಎಂದರು ಅಂಗಡಿಯವರು. ಅದೇ ನನಗೆ ಅನುಮಾನ ತಂದದ್ದು. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದಂತೆ ಆಗಬಾರದಲ್ಲ! ಹತ್ತು ಸಾಮಾನನ್ನು ಕಡಿಮೆ ಬೆಲೆಗೆ ತುರುಕಿದ್ದಾರೆಂದರೆ ಪ್ರತಿಯೊಂದರಲ್ಲೂ ಕಾಸು ಉಳಿಸಿರಲೇಬೇಕು.

ಪಕ್ಕದಲ್ಲಿ ಇನ್ನೊಂದು ಕಪ್ಪು ಸೈಕಲ್ಲಿತ್ತು. ಮುಂದೆ ಸಾದಾ ಫೋರ್ಕು, ಹಿಂದೆ ಮಾತ್ರ 7 ಗೇರು, ರಿಮ್ಮನ್ನು ಎರಡು ಕಡೆಯಿಂದ ಹಿಡಿಯುವ ರಬ್ಬರ್ ಬ್ರೇಕು, 26 ಅಂಗುಲದ ದಪ್ಪ ಟೈರು, ಬೆಲೆ 10,200. ನಡುವಿನ ಬಾರು ಹಿಂದಕ್ಕೆ ಇಳಿಜಾರಾಗಿದ್ದರಿಂದ ಚೂಡಿದಾರಕ್ಕೂ ತೊಡಕಿಲ್ಲ. "ಎರಡನ್ನೂ ಒಂದೊಂದು ಸಲ ಎತ್ತಿ ನೋಡು" ಎಂದೆ. ಎತ್ತಿದಳು. ಕೆಂಪು ಸೈಕಲ್ಲು ಎತ್ತುವಾಗ ಮುಖ ಕಿವುಚಿದಳು, ಏನೂ ಹೇಳಲಿಲ್ಲ.

ಅವಳ ಆಸೆಯ ಮೇಲೆ ನೀರು ಸುರಿಯಲು ನನಗೂ ಮನಸ್ಸಿರಲಿಲ್ಲ. ಮರಿನ್ ಹುಡುಗರ ಕಥೆ ಹೇಳಿ, "ತೀರ್ಮಾನ ನಿನ್ನದೇ. ಅಂಗಡಿಯ ಹಿಂದಿನ ಏರಿನಲ್ಲಿ ಎರಡನ್ನೂ ತುಳಿದು ಬಾ" ಎಂದೆ. ಅಂಗಡಿಯವರು ಗೊಣಗಿದರೂ ಬಿಟ್ಟರು. ಕೆಂಪು ಸೈಕಲ್ಲಿನಲ್ಲಿ ಅವಳು ಬಲ ಹಾಕಿ ತುಳಿದಷ್ಟೂ ಸ್ಪ್ರಿಂಗು ಕುಪ್ಪಳಿಸಿ ಅರ್ಧ ಬಲವನ್ನು ನುಂಗಿತು. ಏರಿನ ನಡುವೆ ಇಳಿದು ನೂಕಿಕೊಂಡು ಬಂದಳು. ಕಪ್ಪು ಸೈಕಲ್ಲಿನಲ್ಲಿ ತುದಿ ಮುಟ್ಟಿದಳು. ಇಳಿಯುವಾಗ ಎರಡೂ ಬ್ರೇಕು ಒತ್ತಿ ನಡುವೆ ಎರಡು ಸಲ ನಿಲ್ಲಿಸಿಯೂ ನೋಡಿದಳು. ಕೆಳಗೆ ಬಂದವಳು ಕೆಂಪಿನ ಕಡೆಗೊಮ್ಮೆ ನೋಡಿ, "ಕಪ್ಪೇ ಇರಲಿ ದೊಡ್ಡಮ್ಮಾ" ಎಂದಳು.

ಇನ್ನೂ ಕೆಲವು ನೋಡಿದೆವು. ಬಾರಿನ ಮೇಲೆ ಕಾಲು ಹಾಕಿ ನಿಂತಾಗ ಎರಡಂಗುಲ ಜಾಗ ಉಳಿಯಬೇಕು. ಚಕ್ರ ಎತ್ತಿ ತಿರುಗಿಸಿದರೆ ಓಲಾಡಬಾರದು. ಟೈರು, ಟ್ಯೂಬು, ಬ್ರೇಕಿನ ರಬ್ಬರು ನಮ್ಮೂರಿನ ಪಂಕ್ಚರ್ ಅಂಗಡಿಯಲ್ಲೂ ಸಿಗುವಂಥದ್ದಾಗಿರಬೇಕು. ಹೆಲ್ಮೆಟ್ಟಿಗೆ 750, ಲೈಟು-ಬೆಲ್ಲಿಗೆ 400, ಮಡ್‌ಗಾರ್ಡಿಗೆ 300, ಬೀಗಕ್ಕೆ 300. ಒಟ್ಟು 11,950. ದುಡ್ಡನ್ನೆಲ್ಲ ಸೈಕಲ್ಲಿಗೇ ಸುರಿದಿದ್ದರೆ ಹೆಲ್ಮೆಟ್ಟು "ಮುಂದಿನ ತಿಂಗಳು" ಆಗುತ್ತಿತ್ತು. ಮುಂದಿನ ತಿಂಗಳು ಎಂದರೆ ಏನೆಂದು ನಮಗೆಲ್ಲ ಗೊತ್ತೇ ಇದೆ. ಆ ದಿನದ ದೋಸೆಯ ದುಡ್ಡನ್ನು ಮಾತ್ರ ತಂಗಿ ನನಗೆ ಕೊಡಲು ಬಿಟ್ಟಳು.

ಮೊದಲ ವಾರ ತಂಗಿ ಸಂಜೆ ನಾಲ್ಕೂವರೆಯಿಂದಲೇ ಉಣಗೋಲಿನ ಹತ್ತಿರ ಬಂದು ನಿಲ್ಲುತ್ತಿದ್ದಳಂತೆ. ಎರಡನೆಯ ಏರಿನ ಕೊನೆಯನ್ನು ಪುಟ್ಟಿ ತಿಂಗಳವರೆಗೂ ಇಳಿದು ನೂಕುತ್ತಿದ್ದಳು, ಆಮೇಲೆ ತುಳಿದೇ ಹತ್ತತೊಡಗಿದಳು. ಜುಲೈ ಮಳೆಯಲ್ಲಿ ಒಮ್ಮೆ ಜಾರಿ ಬಿದ್ದು ಮೊಣಕೈ ಕೆತ್ತಿಕೊಂಡಳು. ನನ್ನ ಮಂಡಿಯ ಹಳೆಯ ಗುರುತನ್ನು ಅವಳಿಗೆ ತೋರಿಸಿದೆ.

ಮೊನ್ನೆ ಹೋದಾಗ ತಂಗಿ ಸಂಜೆ ಐದಾದರೂ ಮೆಷಿನ್ನಿನ ಮುಂದೆಯೇ ಕುಳಿತು ರವಿಕೆ ಹೊಲಿಯುತ್ತಿದ್ದಳು. "ಪುಟ್ಟಿ ಬರುವ ಹೊತ್ತಲ್ಲವೇನೇ?" ಎಂದೆ. "ಬರ್ತಾಳೆ ಬಿಡು" ಎಂದಳು ತಲೆಯೆತ್ತದೆ. ಸಂಘದ ಸಾಲದ ಎರಡು ಕಂತು ಇನ್ನೂ ಬಾಕಿಯಿದೆ.