ಬಾಳಿಯಾನು ಎಂದದ್ದು, ಬಾಳುವನು ಎಂದಲ್ಲ

ಓದುಗರೊಬ್ಬರು ಪತ್ರ ಬರೆದಿದ್ದಾರೆ. ಭಾನುವಾರದ ಪ್ರಸಂಗದಲ್ಲಿ ಸಭಾಪಾಲಕರು ವೈರಿಗಳಿಗಾಗಿ ಪ್ರಾರ್ಥಿಸಿ, ತಾಳ್ಮೆ ಇರಲಿ ಎಂದರಂತೆ. ಆರಾಧನೆ ಮುಗಿದ ಮೇಲೆ ಹುಡುಗನೊಬ್ಬ, 'ಅಂದ್ರೆ ಹೊಡೆಸಿಕೊಂಡು ಸುಮ್ಮನಿರಬೇಕಾ?' ಎಂದು ಕೇಳಿದನಂತೆ. ತಾಳ್ಮೆಯೆಂದರೆ ಸುಮ್ಮನಿರುವುದೇ ಎನ್ನುವುದು ಪತ್ರದ ಪ್ರಶ್ನೆ.

ಅಲ್ಲ. ಹುಡುಗನಿಗೆ ಹಾಗನ್ನಿಸಿದ್ದರೆ ತಪ್ಪು ಈಚಿನ ನಮ್ಮ ಮಾತಿನದು. 'ನನ್ನ ತಾಳ್ಮೆ ಪರೀಕ್ಷಿಸಬೇಡಿ', 'ತಾಳ್ಮೆಗೂ ಮಿತಿ ಇದೆ', 'ತಾಳ್ಮೆಯ ಕಟ್ಟೆ ಒಡೆಯಿತು' – ಟಿವಿಯಲ್ಲಿ, ಭಾಷಣದಲ್ಲಿ ಈ ಪದ ಬೆದರಿಕೆಯ ಜೊತೆಗೇ ಬರುತ್ತಿದೆ. ಕೈ ಎತ್ತುವುದಕ್ಕೆ ಮುಂಚಿನ ಬಿಡುವಿಗೆ ತಾಳ್ಮೆ ಎಂದು ಹೆಸರಿಟ್ಟಿದ್ದೇವೆ.

ಕನ್ನಡದ 'ತಾಳು' ಹೀಗೆ ಕೈಕಟ್ಟಿ ಕೂತ ಕ್ರಿಯಾಪದವಲ್ಲ. ರೂಪ ತಾಳುತ್ತೇವೆ, ನಿಲುವು ತಾಳುತ್ತೇವೆ, ವೈರಾಗ್ಯ ತಾಳುತ್ತೇವೆ. ಎಲ್ಲದರಲ್ಲೂ ಏನನ್ನೋ ಮೈಮೇಲೆ ತೆಗೆದುಕೊಳ್ಳುವ ಕೆಲಸವಿದೆ. ಸೈರಿಸುವ ಅರ್ಥಕ್ಕೆ ನನಗೆ ತೀರಾ ಹತ್ತಿರವೆನಿಸುವುದು 'ಗರ್ಭ ತಾಳು' ಎಂಬ ಬಳಕೆ. ಬಸುರಿ ಕಾಯುತ್ತಾಳೆ; ಆದರೆ ಆ ಒಂಬತ್ತು ತಿಂಗಳನ್ನು ಸುಮ್ಮನಿರುವ ಕಾಲವೆಂದು ಯಾವ ಹೆಂಗಸೂ ಹೇಳಲಾರಳು. ಹೊರುವುದೂ ಕಾಯುವುದೂ ಅಲ್ಲಿ ಒಂದೇ ದುಡಿಮೆ.

ಇನ್ನು ಗಾದೆ. 'ತಾಳಿದವನು ಬಾಳಿಯಾನು.' ಈಗೀಗ ಇದನ್ನು 'ಬಾಳುವನು' ಎಂದು ತಿದ್ದಿ ಹೇಳುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಸಂಕಟ. 'ಬಾಳುವನು' ಖಾತರಿ ಕೊಡುತ್ತದೆ. 'ಬಾಳಿಯಾನು' ಕೊಡುವುದಿಲ್ಲ. ಅದು ಸಂಭಾವನಾರ್ಥ: ಮಳೆ ಬಂದೀತು, ಬಸ್ಸು ಸಿಕ್ಕೀತು, ಅವನು ಒಪ್ಪಿಯಾನು. ಆದೀತು, ಆಗದೆಯೂ ಇದ್ದೀತು. ಈ ರೂಪವನ್ನೇ ನಾವು ಕೈಬಿಡುತ್ತಿದ್ದೇವೆ. ಎಲ್ಲಕ್ಕೂ 'ಬಹುದು' ಅಂಟಿಸಿ ಮುಗಿಸುತ್ತೇವೆ. 'ಬಹುದು' ಎಂಬುದರಲ್ಲಿ ಲೆಕ್ಕಾಚಾರ ಮಾತ್ರ ಕೇಳಿಸುತ್ತದೆ. 'ಯಾನು'ವಿನಲ್ಲಿ ಹೇಳುವವನ ಹಾರೈಕೆಯೂ ಅಳುಕೂ ಸೇರಿರುತ್ತವೆ. ಗಾದೆ ಕಟ್ಟಿದವರು ತಾಳಿಯೂ ಬಾಳದೆ ಹೋದವರನ್ನು ನೋಡಿದ್ದರು. ಅದಕ್ಕೇ ಸುಳ್ಳು ಭರವಸೆ ಕೊಡಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಆ ಒಂದು ಪ್ರತ್ಯಯವನ್ನು ಅಳಿಸಿದರೆ ಗಾದೆ ವ್ಯಾಪಾರದ ಮಾತಾಗುತ್ತದೆ: ಇಷ್ಟು ತಾಳು, ಇಷ್ಟು ಬಾಳು.

ತಾಳಿಯೂ ಬಾಳದವರಲ್ಲಿ ಸಿಪ್ರಿಯನ್ ಒಬ್ಬ. ಈಗಿನ ಟ್ಯುನೀಶಿಯದಲ್ಲಿರುವ ಕಾರ್ತೇಜಿನ ಬಿಷಪ್. ಊರಿಗೆ ಪಿಡುಗು ಬಂದಾಗ, ಕ್ರೈಸ್ತರನ್ನು ಹಿಂಸಿಸಿದವರಿಗೂ ಉಪಕಾರ ಮಾಡಿ ಎಂದು ತನ್ನ ಸಭೆಗೆ ಹೇಳಿದವನು. ಕ್ರಿ.ಶ. 256ರಲ್ಲಿ ತಾಳ್ಮೆಯ ಮೇಲೆಯೇ ಒಂದು ಪುಸ್ತಕ ಬರೆದ. 258ರಲ್ಲಿ ರೋಮನ್ ಅಧಿಕಾರಿ ಅವನಿಗೆ ಶಿರಚ್ಛೇದ ವಿಧಿಸಿದ. ಕೊಲ್ಲಲು ಬಂದ ಕಟುಕನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತನ್ನವರಿಗೆ ಹೇಳಿ ತಲೆಯೊಡ್ಡಿದ. ಇದನ್ನು ಸುಮ್ಮನಿರುವುದು ಎನ್ನಲಾದೀತೇ?

ನಮ್ಮ ಕಾಲದ್ದೇ ಬೇಕೆಂದರೆ ಗ್ಲ್ಯಾಡಿಸ್ ಸ್ಟೇನ್ಸ್ ಇದ್ದಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ವಾಹನದಲ್ಲಿ ಮಲಗಿದ್ದ ಅವರ ಗಂಡ ಗ್ರಹಾಂ, ಮಕ್ಕಳಾದ ಫಿಲಿಪ್ ಮತ್ತು ತಿಮೊಥಿ ಮೂವರನ್ನೂ ಗುಂಪೊಂದು ಸುಟ್ಟು ಕೊಂದಿತು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಆಕೆ. ಅಷ್ಟು ಹೇಳಿ ಊರಿಗೆ ಹೊರಟುಬಿಡಲಿಲ್ಲ. ಮಗಳ ಜೊತೆ ಬಾರಿಪದಾದಲ್ಲೇ ಉಳಿದು, ಗಂಡ ನೋಡಿಕೊಳ್ಳುತ್ತಿದ್ದ ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು. ಅವರ ಕ್ಷಮೆಯಿಂದ ಮೊಕದ್ದಮೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. 2003ರಲ್ಲಿ ಕೆಳ ನ್ಯಾಯಾಲಯ ಮುಖ್ಯ ಆರೋಪಿಗೆ ಮರಣದಂಡನೆ ವಿಧಿಸಿತು. ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಕಾನೂನು ತನ್ನ ಕೆಲಸ ಮಾಡಿತು, ಆಕೆ ತಮ್ಮ ಕೆಲಸ ಮಾಡಿದರು.

ಆದ್ದರಿಂದ ಪೆಟ್ಟು ತಿಂದವರು ಪೊಲೀಸರಿಗೆ ದೂರು ಕೊಡಲಿ. ಅದರಿಂದ ತಾಳ್ಮೆಗೆ ಕುಂದಿಲ್ಲ. ಅದೇ ಸಂಜೆ ಹೊಡೆದವನ ಹೆಸರು ಹೇಳಿ ಪ್ರಾರ್ಥಿಸಲಿ. ಎರಡನೆಯದೇ ಕಷ್ಟ, ಅದಕ್ಕೇ ಅದು ಯೇಸುವಿನ ಬೆಟ್ಟದ ಪ್ರಸಂಗದಲ್ಲಿ ಆಜ್ಞೆಯಾಗಿ ಬಂದಿದೆ. ವೈರಿಗಾಗಿ ಪ್ರಾರ್ಥಿಸುವವರು ಅವನ ಕೆಡುಕನ್ನು ಒಪ್ಪುವುದಿಲ್ಲ. ಅವನ ಬಗ್ಗೆ 'ಬದಲಾಗುವನು' ಎಂಬ ಭ್ರಮೆಯೂ ಅವರಿಗೆ ಬೇಕಿಲ್ಲ, 'ಬದಲಾಗನು' ಎಂಬ ತೀರ್ಪೂ ಬೇಕಿಲ್ಲ. ಬದಲಾದಾನು ಎಂದುಕೊಂಡರೆ ಸಾಕು, ಪ್ರಾರ್ಥಿಸಲು ಬಾಯಿ ಬರುತ್ತದೆ.