ಹುಲಿ ಗಣತಿ (ಭಾರತ)

ಕಾಡಿನಲ್ಲಿರುವ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ಕ್ರಮ. ಹುಲಿ ಸಂರಕ್ಷಣೆಯ ಏಳುಬೀಳನ್ನು ದೇಶ ಅಳೆಯುವುದು ಬಹುಮಟ್ಟಿಗೆ ಈ ಅಂಕಿಗಳಿಂದಲೇ. ಗೊಂದಲಗಳ ಮೂಲವೂ ಇವೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 40,000 ಹುಲಿಗಳಿದ್ದವೆಂಬ ಮಾತು ಬಹಳ ಪ್ರಚಲಿತ. ಅದು ಯಾರೂ ಎಣಿಸಿದ್ದಲ್ಲ, ನಿಸರ್ಗತಜ್ಞ ಇ.ಪಿ. ಜೀ ಅವರ ಊಹೆ.

1972ರ ಮೊದಲ ರಾಷ್ಟ್ರೀಯ ಗಣತಿಯಲ್ಲಿ 1,827 ಹುಲಿಗಳ ಲೆಕ್ಕ ಸಿಕ್ಕಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಆ ವರ್ಷವೇ. 1973ರ ಏಪ್ರಿಲ್ 1ರಂದು ಬಂಡೀಪುರವೂ ಸೇರಿ ಒಂಬತ್ತು ಕಾಡುಗಳಲ್ಲಿ ಹುಲಿ ಯೋಜನೆ ಆರಂಭವಾಯಿತು.

ಆಗ ಎಣಿಕೆಗೆ ಆಧಾರ ಹೆಜ್ಜೆಗುರುತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ರೂಪಿಸಿದ ಈ ಪದ್ಧತಿಯಲ್ಲಿ ಸಿಬ್ಬಂದಿ ಗುರುತಿನ ಮೇಲೆ ಗಾಜಿಟ್ಟು ಅಂಚನ್ನು ಬರೆದುಕೊಳ್ಳುತ್ತಿದ್ದರು, ಇಲ್ಲವೇ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಒಂದೊಂದು ಹುಲಿಯ ಪಂಜವೂ ಬೇರೆ ಎಂಬುದು ನಂಬಿಕೆ. ಆದರೆ ಒಂದೇ ಹುಲಿ ಹಸಿ ಕೆಸರಿನಲ್ಲಿ ಒಂದು ಗುರುತು ಬಿಟ್ಟರೆ ಧೂಳಿನಲ್ಲಿ ಇನ್ನೊಂದು ಬಿಡುತ್ತದೆ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸತೊಡಗಿದರು. ಹಳೆಯ ಪದ್ಧತಿಯ ಮೇಲಿನ ಅವರ ಆಕ್ಷೇಪಣೆಗೆ ಸರ್ಕಾರ ಕಿವಿಗೊಡಲು ದಶಕಕ್ಕೂ ಮೇಲೆ ಹಿಡಿಯಿತು.

ಅದಕ್ಕೂ ಒಂದು ಆಘಾತ ಬೇಕಾಯಿತು. ರಾಜಸ್ಥಾನದ ಸರಿಸ್ಕಾದ ಕಡತಗಳಲ್ಲಿ ಹುಲಿಗಳಿದ್ದವು. 2005ರ ಆರಂಭದ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಸಿಬಿಐ ತನಿಖೆ ಕಳ್ಳಬೇಟೆಯತ್ತ ಬೆರಳು ಮಾಡಿತು. ಸುನೀತಾ ನಾರಾಯಣ್ ಅಧ್ಯಕ್ಷತೆಯ ಕಾರ್ಯಪಡೆಯ ವರದಿಯ ಬೆನ್ನಿಗೆ ಎಣಿಕೆಯ ಕ್ರಮ ಹೆಜ್ಜೆಗುರುತಿನಿಂದ ಕ್ಯಾಮೆರಾ ಟ್ರ್ಯಾಪ್ ಆಧರಿಸಿದ ಅಂದಾಜಿಗೆ ಬದಲಾಯಿತು. ಮಧ್ಯಪ್ರದೇಶದ ಪನ್ನಾ ಕೂಡ 2009ರ ವೇಳೆಗೆ ಬರಿದಾಯಿತು.

ಹೊಸ ಕ್ರಮದ ಮೊದಲ ಫಲಿತಾಂಶ 2008ರಲ್ಲಿ ಹೊರಬಂತು: 1,411. 2002ರ 3,642ರ ಪಕ್ಕದಲ್ಲಿಟ್ಟು ಆರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಲಿಗಳು ಅಳಿದವೆಂದು ಬರೆದವರಿದ್ದಾರೆ. ಎರಡೂ ಬೇರೆ ಬೇರೆ ಕ್ರಮದ ಅಂಕಿಗಳು. ಸಾಲದ್ದಕ್ಕೆ ಹೊಸ ಲೆಕ್ಕದಲ್ಲಿ ಸುಂದರಬನ ಸೇರಿರಲಿಲ್ಲ, ಒಂದೂವರೆ ವರ್ಷ ದಾಟದ ಮರಿಗಳೂ ಸೇರಿರಲಿಲ್ಲ. 2018ರಲ್ಲಿ ಆ ವಯೋಮಿತಿ ಒಂದು ವರ್ಷಕ್ಕೆ ಇಳಿದದ್ದರಿಂದ ಆ ಸಲದ 2,967ನ್ನು 2014ರ 2,226ರ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು.

2022ರ ಎಣಿಕೆಯ ಸರಾಸರಿ ಅಂದಾಜು 3,682. ಕರ್ನಾಟಕದ್ದು 563, ಮಧ್ಯಪ್ರದೇಶದ (785) ನಂತರದ ಸ್ಥಾನ. 2023ರ ಏಪ್ರಿಲ್‌ನ ಆರಂಭಿಕ ವರದಿ ಪಶ್ಚಿಮಘಟ್ಟದಲ್ಲಿ 824 ಹುಲಿಗಳೆಂದಾಗ 2018ರ 981ಕ್ಕಿಂತ ಇಳಿಕೆಯಾಯಿತೆಂದು ಸುದ್ದಿಯಾಯಿತು. 981 ಅಂದಾಜು, 824 ಕ್ಯಾಮೆರಾಕ್ಕೆ ಸಿಕ್ಕ ಹುಲಿಗಳು ಮಾತ್ರ. ಜುಲೈನಲ್ಲಿ ಪ್ರಕಟವಾದ ಅಂದಾಜು 1,087.